ನಮ್ಮ ಮನೆಯ ಪ್ರಿಂಟರಿನ ಮಂದಗತಿ: ಒಂದು ವಿಚಾರಣೆ

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಯಂತ್ರವೊಂದರ ರೋಗದ ವಿಷಯವಾಗಿ ಬರೆಯಹೊರಟರೆ ಸಾಹಿತ್ಯದ ಮಿತ್ರರು ಮೂಗು ಮುರಿದಾರು. ಯಂತ್ರವನ್ನು ಬಲ್ಲವರು ನಕ್ಕಾರು. ಆದರೂ ಬರೆಯುವ ಧೈರ್ಯ ಮಾಡಿದ್ದೇನೆ. ಏಕೆಂದರೆ ಈ ರೋಗದ ಮೂಲವನ್ನು ನಾನು ಕಂಡುಕೊಂಡದ್ದು ಯಂತ್ರವಿದ್ಯೆಯಿಂದಲ್ಲ. ನಮ್ಮ ಗ್ರಂಥಭಂಡಾರದ ಮೂಲೆಯಲ್ಲಿ ರಟ್ಟು ಕಿತ್ತುಹೋಗಿ ಬಿದ್ದಿದ್ದ ಒಂದು ತರ್ಕಶಾಸ್ತ್ರದ ಪುಸ್ತಕದಿಂದ.

ಮೊದಲು ನಮ್ಮ ಮನೆಯ ಸಂಗತಿಯನ್ನು ಹೇಳಬೇಕು. ಅಪ್ಪ ಅಡಿಕೆ ತೋಟದ ಕೂಲಿ. ಅವರು ಸಹಿ ಹಾಕಲು ಕಲಿತದ್ದು ನನ್ನ ಅಕ್ಕನಿಂದ. ಅಕ್ಕ ಪಿ.ಯು.ಸಿ. ಮುಗಿಸಿ ಓದು ಬಿಟ್ಟಳು. ನಾನು ಓದಲೆಂದು ಬಿಟ್ಟಳು ಎಂದರೇ ಸರಿಯಾದೀತು. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಅವಳಿಗೆ ಒಂದು ಹಳೆಯ ಕಂಪ್ಯೂಟರನ್ನೂ ಶಾಯಿಯ ಪ್ರಿಂಟರನ್ನೂ ಕೊಡಿಸಿದಳು. ಕಂಪ್ಯೂಟರು ನಡುಮನೆಯಲ್ಲಿ ರೌಟರಿನ ಪಕ್ಕದಲ್ಲಿದೆ. ಜನರು ಬಂದು ನಿಲ್ಲುವುದು ಹೊರಗಿನ ಕೋಣೆಯಲ್ಲಾದುದರಿಂದ ಪ್ರಿಂಟರನ್ನು ಅಲ್ಲಿಟ್ಟು, ವೈ-ಫೈ ಮೂಲಕ ಎರಡನ್ನೂ ಜೋಡಿಸಿದ್ದೆವು. ಆಧಾರ್ ಚೀಟಿಯ ಪ್ರತಿ, ಪಹಣಿಯ ನಕಲು, ಆದಾಯ ಪತ್ರದ ಅರ್ಜಿ, ಮಕ್ಕಳ ಶಾಲೆಯ ಬರಹ ಇವೇ ಅಕ್ಕನ ವ್ಯಾಪಾರ. ಸಂಘದ ವಾರದ ಕಂತೂ ನನ್ನ ಬಸ್ಸಿನ ಖರ್ಚೂ ಅದರಿಂದಲೇ ನಡೆಯುತ್ತಿದ್ದವು.

ಕಳೆದ ಮಳೆಗಾಲದಲ್ಲಿ ಈ ಪ್ರಿಂಟರು ಮಂದವಾಯಿತು. ನಿಂತುಬಿಟ್ಟಿದ್ದರೆ ಒಂದು ಬಗೆ, ನಿಲ್ಲಲಿಲ್ಲ, ಮಂದವಾಯಿತು. ಒಂದು ಹಾಳೆ ಹೊರಬರಲು ಕೆಲವೊಮ್ಮೆ ಆರೇಳು ನಿಮಿಷ ಹಿಡಿಯುತ್ತಿತ್ತು. ಒಂದು ದಿನ ನೆರೆಮನೆಯ ಹುಡುಗಿಯೊಬ್ಬಳು ಹಾಸ್ಟೆಲಿನ ಅರ್ಜಿಯನ್ನು ಅಚ್ಚು ಹಾಕಿಸಲು ಬಂದಳು. ಅದನ್ನು ಪೇಟೆಗೆ ಒಯ್ದು ಒಪ್ಪಿಸಲು ಅದೇ ಕಡೆಯ ದಿನ. ಅರ್ಜಿಯೂ ದಾಖಲೆಗಳೂ ಸೇರಿ 6 ಹಾಳೆ. ನಾಲ್ಕನೆಯ ಹಾಳೆ ಅರ್ಧ ಹೊರಗೆ ಬಂದಿದ್ದಾಗ ಮಧ್ಯಾಹ್ನದ ಬಸ್ಸು ನಮ್ಮ ತಿರುವಿನಲ್ಲಿ ಹಾರನ್ ಹಾಕಿ ಹೋಯಿತು. ಆ ವರ್ಷ ಅವಳಿಗೆ ಹಾಸ್ಟೆಲು ಸಿಗಲಿಲ್ಲ. ದಿನವೂ ಬೆಳಗಿನ ಕತ್ತಲಲ್ಲೇ ಎದ್ದು ಬಸ್ಸು ಹಿಡಿಯುತ್ತಾಳೆ. ಅವಳು ಒಂದು ಮಾತೂ ಆಡಲಿಲ್ಲ. ಅಕ್ಕ ಮಾತ್ರ ಅಂದು ರಾತ್ರಿ ಊಟ ಮಾಡದೆ, “ಲೋ, ನೀನು ಕಾಲೇಜು ಓದೋನಲ್ವೇನೋ, ಇದನ್ನೊಂದು ನೋಡೋಕಾಗಲ್ವಾ?” ಎಂದಳು.

ನನಗೆ ನಾಚಿಕೆಯಾಯಿತು. ಎಲ್ಲರೂ ಮಾಡುವಂತೆ ನಾನೂ ಎಲ್ಲವನ್ನೂ ಒಮ್ಮೆಗೇ ಮಾಡಿದೆನು. ರೌಟರನ್ನು ಆರಿಸಿ ಹಚ್ಚಿದೆನು. ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿದೆನು. ಅದರ ಡ್ರೈವರನ್ನು ಹೊಸದಾಗಿ ಹಾಕಿದೆನು. ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಕರೆಂಟು ಹೋಗಿ ಬಂದ ಮೇಲೆ ಯಥಾಪ್ರಕಾರ. ಯಾವುದರಿಂದ ಗುಣವಾಗಿತ್ತು, ಯಾವುದರಿಂದ ಕೆಟ್ಟಿತು ಎಂಬುದು ನನಗೇ ತಿಳಿಯಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದರೆ, “ಮಾಡೆಲ್ಲು ಹಳೇದಾಯ್ತು, ಹೊಸದು ತಗೊಂಡ್ಬಿಡಿ” ಎಂದು 14,000 ರೂಪಾಯಿಯ ಲೆಕ್ಕ ಹೇಳಿದರು. ಅವ್ವ ಮತ್ತೆ ಸಂಘದ ಬಾಗಿಲಿಗೆ ಹೋಗಲು ಸಿದ್ಧಳಾದಳು.

ಆ ವಾರವೇ ನಾನು ಮೇಲೆ ಹೇಳಿದ ಪುಸ್ತಕವನ್ನು ಓದುತ್ತಿದ್ದೆನು. ಜಾನ್ ಸ್ಟೂಅರ್ಟ್ ಮಿಲ್ ಎಂಬ ಆಂಗ್ಲ ತತ್ತ್ವಜ್ಞಾನಿಯು 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ಕೆಲವು ವಿಧಾನಗಳನ್ನು ಹೇಳಿದ್ದಾನೆ; ಅವುಗಳ ವಿವರಣೆ ಅದರಲ್ಲಿತ್ತು. ಒಂದು ವ್ಯತಿರೇಕ ವಿಧಾನ: ಒಂದು ಕಾರ್ಯವು ನಡೆಯುವ ಸಂದರ್ಭಕ್ಕೂ ನಡೆಯದ ಸಂದರ್ಭಕ್ಕೂ ಒಂದೇ ಒಂದು ಅಂಶದಲ್ಲಿ ಭೇದವಿದ್ದರೆ, ಆ ಅಂಶವೇ ಕಾರಣ ಅಥವಾ ಕಾರಣದ ಒಂದು ಭಾಗ. ಇನ್ನೊಂದು ಶೇಷ ವಿಧಾನ: ತಿಳಿದ ಕಾರಣಗಳಿಂದಾಗುವ ಫಲವನ್ನು ಕಳೆದ ಮೇಲೆ ಉಳಿಯುವ ಫಲಕ್ಕೆ ಉಳಿದ ಕಾರಣವೇ ಹೊಣೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ವಾಕ್ಯಗಳು! ಓದುತ್ತಿದ್ದಂತೆ, ಒಮ್ಮೆಗೆ ನಾಲ್ಕು ಅಂಶಗಳನ್ನು ಬದಲಿಸಿದವನಿಗೆ ಕಾರಣ ಹೇಗೆ ಸಿಕ್ಕೀತು ಎಂದು ಹೊಳೆಯಿತು.

ಭಾನುವಾರ ಮೊಬೈಲಿನ ಗಡಿಯಾರ ಹಿಡಿದು ಕುಳಿತೆನು. ಪರೀಕ್ಷೆಗೆ ಎರಡು ಹಾಳೆಗಳನ್ನು ಆರಿಸಿಕೊಂಡೆನು. ಒಂದು, ಹತ್ತು ಸಾಲಿನ ಪತ್ರ. ಇನ್ನೊಂದು, ಸ್ಕ್ಯಾನ್ ಮಾಡಿದ ಅರ್ಜಿ. ವೈ-ಫೈ ಮೂಲಕ ಪತ್ರಕ್ಕೆ 1 ನಿಮಿಷ 50 ಸೆಕೆಂಡು, ಅರ್ಜಿಗೆ 6 ನಿಮಿಷಕ್ಕೂ ಮೇಲೆ. ಕಂಪ್ಯೂಟರಿನ ಹಂಗಿಲ್ಲದೆ ಪ್ರಿಂಟರಿನಲ್ಲೇ ಒಂದು ಜೆರಾಕ್ಸ್ ತೆಗೆದೆನು: 12 ಸೆಕೆಂಡು. ಪ್ರಿಂಟರು ನಿರಪರಾಧಿ. ಅನಂತರ ಕಂಪ್ಯೂಟರನ್ನು ಹೊರಕೋಣೆಗೆ ಹೊತ್ತು ತಂದು ಯುಎಸ್‌ಬಿ ತಂತಿಯಿಂದ ಜೋಡಿಸಿದೆನು: ಪತ್ರಕ್ಕೆ 15 ಸೆಕೆಂಡು, ಅರ್ಜಿಗೆ 40. ಕಂಪ್ಯೂಟರೂ ನಿರಪರಾಧಿಯೇ. ಬದಲಾದದ್ದು ನಡುವಿನ ದಾರಿ ಒಂದೇ ಆದುದರಿಂದ ದೋಷವು ದಾರಿಯಲ್ಲಿದೆ. 14,000 ರೂಪಾಯಿ ಅಲ್ಲಿಗೇ ಉಳಿಯಿತು.

ಆಮೇಲೆ ಕಂಪ್ಯೂಟರನ್ನು ಅದರ ಜಾಗಕ್ಕೆ ಸೇರಿಸಿ, ಪ್ರಿಂಟರನ್ನೇ ರೌಟರಿನ ಬಳಿಗೆ ತಂದು ಪುನಃ ವೈ-ಫೈ ಮೂಲಕ ಕಳುಹಿಸಿದೆನು. ಇಲ್ಲಿ ಒಂದು ವಿಚಿತ್ರ ಕಂಡಿತು. ಅರ್ಜಿಯ ಕಾಲ 6 ನಿಮಿಷದಿಂದ ಎರಡೂವರೆ ನಿಮಿಷಕ್ಕೆ ಇಳಿಯಿತು. ಪತ್ರದ ಕಾಲ ಮಾತ್ರ 1 ನಿಮಿಷ 40 ಸೆಕೆಂಡಿನಲ್ಲಿಯೇ ನಿಂತಿತು. ಅಂದರೆ ರೋಗ ಒಂದಲ್ಲ, ಎರಡು! ದೂರದಿಂದ ಬಂದದ್ದು ಒಂದು, ದೂರಕ್ಕೆ ಸಂಬಂಧವಿಲ್ಲದ್ದು ಇನ್ನೊಂದು.

ದೂರದ ರೋಗವನ್ನು ಅಳೆಯಲು ‘ಪಿಂಗ್’ ಎಂಬ ಆಜ್ಞೆ ಇದೆ. ಇದನ್ನು ಮೈಕ್ ಮೂಸ್ ಎಂಬಾತನು 1983ರಲ್ಲಿ ಬರೆದನು. ಜಲಾಂತರ್ಗಾಮಿಗಳನ್ನು ಹುಡುಕಲು ನೀರಿನೊಳಗೆ ಬಿಡುವ ಶಬ್ದದ ಹೆಸರನ್ನೇ ಅದಕ್ಕಿಟ್ಟನು. ಬಾವಿಗೆ ಬಗ್ಗಿ ‘ಓ’ ಎಂದು ಕೂಗಿ ಮರುದನಿಗೆ ಕಾಯುವಂತೆ, ಕಂಪ್ಯೂಟರು ಪ್ರಿಂಟರನ್ನು ಕೂಗಿ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ತೋರಿಸುತ್ತದೆ. ಪ್ರಿಂಟರು ಹೊರಕೋಣೆಯಲ್ಲಿದ್ದಾಗ 100 ಕೂಗಿಗೆ 23 ಉತ್ತರ ಬರಲಿಲ್ಲ. ನಡುವೆ ಇದ್ದುದು ನಮ್ಮಜ್ಜ ಕಟ್ಟಿದ ಒಂದೂವರೆ ಮೊಳದ ಮಣ್ಣಿನ ಗೋಡೆ. ಅದು ಮಳೆಯನ್ನು ತಡೆದಂತೆ ಅಲೆಗಳನ್ನೂ ತಡೆಯುತ್ತಿತ್ತು. ಕಳೆದುಹೋದ ತುಣುಕುಗಳನ್ನು ಮತ್ತೆ ಮತ್ತೆ ಕಳುಹಿಸಬೇಕಾಗುವುದರಿಂದಲೇ ಅರ್ಜಿ ಗೆರೆಗೆರೆಯಾಗಿ ನಿಂತು ನಿಂತು ಬರುತ್ತಿದ್ದದ್ದು.

ಪತ್ರಕ್ಕಿಂತ ಅರ್ಜಿಗೇ ಈ ಪೆಟ್ಟು ಏಕೆ ಹೆಚ್ಚು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಸ್ಕ್ಯಾನ್ ಮಾಡಿದ ಅರ್ಜಿ ಎಂದರೆ ಅಕ್ಷರವಲ್ಲ, ಚಿತ್ರ. ಎ4 ಹಾಳೆಯನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಬಿಡಿಸಿದರೆ ಸುಮಾರು 3 ಕೋಟಿ 48 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದಲ್ಲಿ ಚುಕ್ಕೆಗೆ 3 ಬೈಟಿನಂತೆ ಸುಮಾರು 104 ಮೆಗಾಬೈಟು. ಡ್ರೈವರು ಇದನ್ನು ಒತ್ತಿ ಚಿಕ್ಕದು ಮಾಡಿ ಕಳುಹಿಸುವುದೇನೋ ನಿಜ. ಆದರೂ ಹೊರೆ ಹೊರೆಯೇ. 300 ಚುಕ್ಕೆಗೆ ಇಳಿಸಿದರೆ ಹೊರೆ ಕಾಲು ಭಾಗವಾಗುತ್ತದೆ. ಬಣ್ಣ ಬಿಟ್ಟು ಬೂದು ಛಾಯೆಯಲ್ಲಿ ಕಳುಹಿಸಿದರೆ ಅದರಲ್ಲೂ ಮೂರನೆಯ ಒಂದು ಪಾಲು. ಅರ್ಜಿಯ ಕಪ್ಪು ಅಕ್ಷರಕ್ಕೆ ನಾವು ಇಷ್ಟು ದಿನ ಬಣ್ಣದ ಚಿತ್ರದ ಮರ್ಯಾದೆ ಮಾಡುತ್ತಿದ್ದೆವು! ಪ್ರಿಂಟರಿನ ಆಯ್ಕೆಗಳಲ್ಲಿ ಅದನ್ನು ಸರಿಪಡಿಸಿದೆನು. ಉದ್ದನೆಯ ತಂತಿ ಹಾಕಿ ರೌಟರನ್ನು ಎರಡು ಕೋಣೆಗಳ ನಡುವಣ ಬಾಗಿಲಿನ ಮೇಲಿನ ಹಲಗೆಗೆ ಏರಿಸಿದೆನು. ಈಗ ನೂರು ಕೂಗಿಗೆ ಒಂದು ತಪ್ಪುತ್ತದೆ, ಅಷ್ಟೆ.

ಉಳಿದದ್ದು ಪತ್ರದ ರೋಗ. ಪತ್ರವು ನಿಧಾನವಾಗಿ ಅಚ್ಚಾಗುತ್ತಿರಲಿಲ್ಲ, ನಿಧಾನವಾಗಿ ಆರಂಭವಾಗುತ್ತಿತ್ತು. ಒಂದೂವರೆ ನಿಮಿಷ ಏನೂ ನಡೆಯದೆ, ಆಮೇಲೆ ಸರ್ರನೆ ಹಾಳೆ ಹೊರಬರುತ್ತಿತ್ತು. ಅದು ಕೆಲಸದ ಹೊತ್ತಲ್ಲ, ಕಾಯುವ ಹೊತ್ತು. ಯಾರಿಗಾಗಿ ಕಾಯುವುದು?

ಮನೆಯ ಪ್ರತಿ ಯಂತ್ರಕ್ಕೂ ರೌಟರು ಒಂದು ವಿಳಾಸ ಸಂಖ್ಯೆಯನ್ನು ಕೊಡುತ್ತದೆ. ಆದರೆ ಅದು ಛತ್ರದ ಕೋಣೆಯಂತೆ, ಸ್ವಂತ ಮನೆಯಲ್ಲ. ಕರೆಂಟು ಹೋಗಿ ಬಂದಾಗ ಪ್ರಿಂಟರಿಗೆ ಬೇರೆ ಸಂಖ್ಯೆ ಸಿಗಬಹುದು. ನಮ್ಮಲ್ಲಿ ಹಾಗೆಯೇ ಆಗುತ್ತಿತ್ತು. ಇತ್ತ ಕಂಪ್ಯೂಟರಿನಲ್ಲಿ ಪ್ರಿಂಟರು ‘ಡಬ್ಲ್ಯುಎಸ್‌ಡಿ’ ಎಂಬ ಬಗೆಯ ಪೋರ್ಟಿಗೆ ಸೇರಿಕೊಂಡಿತ್ತು. ಅದು ನಿಶ್ಚಿತ ಸಂಖ್ಯೆಗೆ ಹೋಗುವ ಬದಲು ‘ಇಂಥ ಪ್ರಿಂಟರು ಎಲ್ಲಿದ್ದೀಯೆ?’ ಎಂದು ಮನೆಯ ಯಂತ್ರಗಳನ್ನೆಲ್ಲ ಉದ್ದೇಶಿಸಿ ಕೂಗುವ ಕ್ರಮ. ಅಂತಹ ಸಾರ್ವಜನಿಕ ಕೂಗು ವೈ-ಫೈಯಲ್ಲಿ ಎಷ್ಟೋ ಸಲ ತಲುಪುವುದೇ ಇಲ್ಲ. ಮನೆಯ ಸಂಖ್ಯೆ ಕೇಳಿಕೊಳ್ಳದ ಅಂಚೆಯವನು ಪ್ರತಿ ಕಾಗದಕ್ಕೂ ಬೀದಿಯ ತುದಿಯಲ್ಲಿ ನಿಂತು ಹೆಸರು ಕೂಗಿದರೆ ಹೇಗೋ ಹಾಗೆ.

ಪರಿಹಾರ ಎರಡು ಹೆಜ್ಜೆಯದು. ರೌಟರಿನ ಪುಟವನ್ನು ತೆರೆದು, ಡಿಎಚ್‌ಸಿಪಿ ವಿಭಾಗದಲ್ಲಿ ಪ್ರಿಂಟರಿಗೆ ಒಂದೇ ವಿಳಾಸವನ್ನು ಕಾಯ್ದಿರಿಸಿದೆನು. ಬಳಿಕ ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಅದರಲ್ಲಿ ಪೋರ್ಟ್ಸ್, ಅಲ್ಲಿ ಆಡ್ ಪೋರ್ಟ್ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ ಆ ವಿಳಾಸವನ್ನೇ ಬರೆದೆನು. ಪತ್ರ 18 ಸೆಕೆಂಡಿನಲ್ಲಿ ಬಂದಿತು. ನಡುನಡುವೆ ಪ್ರಿಂಟರು ‘ಆಫ್‌ಲೈನ್’ ಎಂದು ಮುನಿಸಿಕೊಳ್ಳುವುದು ಮಾತ್ರ ಉಳಿದಿತ್ತು. ಕಂಪ್ಯೂಟರು ಎಸ್‌ಎನ್‌ಎಂಪಿ ಎಂಬ ಭಾಷೆಯಲ್ಲಿ ಕ್ಷೇಮ ವಿಚಾರಿಸುವುದು, ನಮ್ಮ ಪ್ರಿಂಟರು ಉತ್ತರಿಸದಿರುವುದು, ಇದೇ ಕಾರಣ. ಕಾನ್ಫಿಗರ್ ಪೋರ್ಟ್ ಎಂಬಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಗುರುತನ್ನು ತೆಗೆದೊಡನೆ ಅದೂ ಹೋಯಿತು. ಒಂದೊಂದು ಹೆಜ್ಜೆಯಾದ ಮೇಲೂ ಅದೇ ಎರಡು ಹಾಳೆಗಳನ್ನು ಕಳುಹಿಸಿ ಹೊತ್ತನ್ನು ಬರೆದಿಟ್ಟೆನು. ಆ ಚೀಟಿಯನ್ನು ಅಕ್ಕ ಗೋಡೆಗೆ ಅಂಟಿಸಿದ್ದಾಳೆ.

ಇಷ್ಟಕ್ಕೆ ನನಗೆ ನಂಬಿಕೆ ಬರಲಿಲ್ಲ. ಮುಂದಿನ ಗುಡುಗು ಮಳೆಗೆ ಕಾದೆನು. ಕರೆಂಟು ಹೋಗಿ ಬಂದ ಕೂಡಲೇ ಓಡಿಹೋಗಿ ನೋಡಿದೆನು; ವಿಳಾಸ ಅದೇ ಇತ್ತು. ಅಪ್ಪ ತೋಟದಿಂದ ಬಂದು ಕಂಬಳಿ ಕೊಡವುತ್ತ, “ಅದೇನು ಅಷ್ಟೊಂದು ಖುಷಿ?” ಎಂದರು. ಹೇಳಲು ಹೊರಟು ಸಾಧ್ಯವಾಗದೆ ನಕ್ಕೆನು.

ಮೊನ್ನೆ ಆ ನೆರೆಮನೆಯ ಹುಡುಗಿ ಈ ವರ್ಷದ ಅರ್ಜಿ ತೆಗೆಸಲು ಬಂದಿದ್ದಳು. ಕಡೆಯ ದಿನಕ್ಕೆ ಇನ್ನೂ ಎರಡು ವಾರ ಇತ್ತು. ಆದರೂ ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತಿದ್ದಳು. ಅಕ್ಕ, “ಒಳಗೆ ಬಾರೇ, ಕೂತ್ಕೊ” ಎಂದು ಕುರ್ಚಿ ಎಳೆದಳು. ಅವಳು ಕುಳಿತು ಚೀಲ ಇಳಿಸುವಷ್ಟರಲ್ಲಿ ಮೊದಲನೆಯ ಹಾಳೆ ಹೊರಬಂದಿತ್ತು.