ನಲವತ್ತು ಚೀಟಿಗಳಲ್ಲಿ ಲೆಸೊಥೊ ಚುನಾವಣೆ

ಒಂಬತ್ತನೇ ತರಗತಿಯ ಚುನಾವಣೆ ಪಾಠಕ್ಕೆ ನಾನು ಲೆಸೊಥೊ ದೇಶವನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಪಾಠಯೋಜನೆ ನೋಡಿದ ಮಾರ್ಗದರ್ಶಕರು "ಅಷ್ಟು ದೂರ ಯಾಕೆ ಹೋಗಬೇಕಮ್ಮಾ?" ಎಂದು ಕೇಳಿದರು. ನಮ್ಮ ಪಕ್ಷಗಳ ಹೆಸರೆತ್ತಿದರೆ ಮಕ್ಕಳು ಲೆಕ್ಕ ಬಿಟ್ಟು ಜಗಳಕ್ಕೆ ನಿಲ್ಲುತ್ತಾರೆ ಎಂಬುದು ನನ್ನ ಅಳುಕು.

ನಾಲ್ಕೂ ಕಡೆ ದಕ್ಷಿಣ ಆಫ್ರಿಕಾದಿಂದ ಸುತ್ತುವರಿದ ಈ ಗುಡ್ಡಗಾಡು ದೇಶದಲ್ಲಿ 1998ರವರೆಗೂ ನಮ್ಮಂತೆಯೇ, ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುತ್ತಿದ್ದರು. ಆ ವರ್ಷ ಎಲ್‌ಸಿಡಿ ಪಕ್ಷ ಸುಮಾರು ಶೇ. 60ರಷ್ಟು ಮತಕ್ಕೆ 80ರಲ್ಲಿ 79 ಸ್ಥಾನ ಪಡೆಯಿತು. ಶೇ. 24ರಷ್ಟು ಮತ ಬಂದಿದ್ದ ಬಿಎನ್‌ಪಿಗೆ ದಕ್ಕಿದ್ದು ಒಂದೇ ಸ್ಥಾನ. ಸೋತವರು ಬೀದಿಗಿಳಿದರು, ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ಸೈನ್ಯ ಒಳಬಂತು, ರಾಜಧಾನಿ ಮಸೇರುವಿನ ಅಂಗಡಿಗಳು ಸುಟ್ಟುಹೋದವು. ಆಮೇಲೆ ನಿಯಮ ಬದಲಾಯಿತು. 2002ರಲ್ಲಿ 80 ಕ್ಷೇತ್ರಗಳ ಜೊತೆಗೆ, ಮತದ ಪಾಲಿಗಿಂತ ಕಡಿಮೆ ಸ್ಥಾನ ಪಡೆದ ಪಕ್ಷಗಳಿಗೆ ಹಂಚಲು 40 ಸ್ಥಾನ ಸೇರಿಸಿದರು. ಒಂದು ಕ್ಷೇತ್ರವನ್ನೂ ಗೆಲ್ಲದ ಬಿಎನ್‌ಪಿಗೆ ಆ ಸಲ 21 ಸ್ಥಾನ ಬಂತು.

ಇದನ್ನು ಹೇಳಿದರೆ ಸಾಲದು, ಮಾಡಿಸಬೇಕು. ತರಗತಿಯಲ್ಲಿ ನಲವತ್ತು ಮಕ್ಕಳು. ಐದೈದು ಮಂದಿಯ ಎಂಟು ಗುಂಪು, ಅಂದರೆ ಎಂಟು ಕ್ಷೇತ್ರ. ಮೇಲೆ ನಾಲ್ಕು ಪರಿಹಾರ ಸ್ಥಾನ. ಮಾವು, ಹಲಸು, ನೇರಳೆ ಮೂರು ಪಕ್ಷ. ಮೊದಲೇ ಗುರುತು ಹಾಕಿದ ಚೀಟಿ ಹಂಚಿದೆ: ಪ್ರತಿ ಗುಂಪಿನಲ್ಲಿ ಮಾವಿಗೆ ಮೂರು. ಒಟ್ಟು ಎಣಿಸಿದಾಗ ಮಾವು 24, ಹಲಸು 12, ನೇರಳೆ 4. ಎಂಟೂ ಕ್ಷೇತ್ರ ಮಾವಿಗೇ. ಹಲಸಿನ ಮಕ್ಕಳು "ಅನ್ಯಾಯ" ಎಂದು ಕೂಗಿದರು. ನನಗೆ ಬೇಕಿದ್ದದ್ದೂ ಅದೇ. ಹನ್ನೆರಡು ಸ್ಥಾನದಲ್ಲಿ ಮಾವಿನ ಪಾಲು ಏಳು ಚಿಲ್ಲರೆ. ಅದು ಆಗಲೇ ಎಂಟು ಪಡೆದಿದೆ. ಹಾಗಾಗಿ ನಾಲ್ಕು ಪರಿಹಾರ ಸ್ಥಾನ ಉಳಿದ ಹದಿನಾರು ಮತಗಳಿಗೆ: ಹಲಸಿಗೆ ಮೂರು, ನೇರಳೆಗೆ ಒಂದು. ಚಪ್ಪಾಳೆ ಬಿತ್ತು.

ಲೆಸೊಥೊದಲ್ಲಿ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಎರಡು ಮತಪತ್ರ ಇದ್ದವು. ಸಮಯ ಉಳಿಸಲು ನಾನು ಒಂದೇ ಚೀಟಿಯನ್ನು ಎರಡಕ್ಕೂ ಎಣಿಸಿದ್ದೆ. ಅದನ್ನು ತಿಳಿಸಿದ ಕೂಡಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮಿಸ್, ಮಾವಿನವರು ಎರಡನೇ ಮತವನ್ನು ನೇರಳೆಗೆ ಹಾಕಿ, ಇಬ್ಬರೂ ಒಂದಾಗಿಬಿಟ್ಟರೆ?" ನಾನು "ಹಾಗೆಲ್ಲ ಮಾಡುವುದಿಲ್ಲ, ಕೂತ್ಕೋ" ಎಂದುಬಿಟ್ಟೆ. ಗಂಟೆಯೂ ಹೊಡೆಯಿತು. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ರಾತ್ರಿ ಓದಿದಾಗ ಮುಖ ಕೆಂಪಾಯಿತು. 2007ರಲ್ಲಿ ಆದದ್ದು ಅದೇ. ಆಳುವ ಎಲ್‌ಸಿಡಿ ಕ್ಷೇತ್ರಗಳಲ್ಲಿ ಸ್ಪರ್ಧಿಸಿ, ಪಕ್ಷದ ಮತವನ್ನು ಮಿತ್ರಪಕ್ಷ ಎನ್‌ಐಪಿಗೆ ಹಾಕಿಸಿತು. ಎಲ್‌ಸಿಡಿಗೆ ಅರವತ್ತಕ್ಕೂ ಹೆಚ್ಚು ಕ್ಷೇತ್ರ, ಎನ್‌ಐಪಿಗೆ 40ರಲ್ಲಿ 21 ಪರಿಹಾರ ಸ್ಥಾನ. ವಿರೋಧದಲ್ಲಿದ್ದ ಎಬಿಸಿಯೂ ಇನ್ನೊಂದು ಪಕ್ಷದ ಜೊತೆ ಹೀಗೇ ಮಾಡಿತ್ತು.

ಮರುದಿನ ತರಗತಿಯಲ್ಲಿ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಪಕ್ಷದ ಮತಕ್ಕೆಂದು ಬೇರೆ ಬಣ್ಣದ ಚೀಟಿ ಹಂಚಿ, ಆ ಹುಡುಗಿಯ ಕೈಯಲ್ಲೇ ಎಣಿಸಿದೆ. ಮಾವಿನ 24 ನೇರಳೆಗೆ ಹೋಗಿ ನೇರಳೆ 28, ಹಲಸು 12. ನಾಲ್ಕು ಸ್ಥಾನದಲ್ಲಿ ನೇರಳೆಗೆ ಮೂರು, ಹಲಸಿಗೆ ಒಂದು. ಮಾವು-ನೇರಳೆ ಜೋಡಿಗೆ ಹನ್ನೆರಡರಲ್ಲಿ ಹನ್ನೊಂದು! ಹಿಂದಿನ ದಿನ ಚಪ್ಪಾಳೆ ತಟ್ಟಿದ್ದ ಹಲಸಿನವರು ಸುಮ್ಮನೆ ಕೂತಿದ್ದರು.

ತಮಾಷೆಯೆಂದರೆ, ನಾನು ಸಮಯ ಉಳಿಸಲು ಮಾಡಿದ್ದನ್ನೇ ಲೆಸೊಥೊ 2011ರಲ್ಲಿ ಕಾನೂನಾಗಿಸಿತು: ಒಂದೇ ಮತಪತ್ರ, ಅದೇ ಎರಡಕ್ಕೂ ಲೆಕ್ಕ. 2012ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. 48 ಸ್ಥಾನ ಗೆದ್ದ ಡಿಸಿಯನ್ನು ಹೊರಗಿಟ್ಟು ಎಬಿಸಿಯ 30, ಎಲ್‌ಸಿಡಿಯ 26, ಬಿಎನ್‌ಪಿಯ 5 ಸೇರಿ 61 ಆದವು. 120ರಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು. ಆ ಸಮ್ಮಿಶ್ರ ಸರ್ಕಾರ ಅವಧಿ ಮುಗಿಸಲಿಲ್ಲ. 2015ರಲ್ಲಿ ಮತ್ತೆ ಚುನಾವಣೆ, ಏಳು ಪಕ್ಷಗಳ ಸರ್ಕಾರ. 2017ರಲ್ಲಿ ಇನ್ನೊಂದು ಚುನಾವಣೆ. "ಹಾಗಾದ್ರೆ ಮೊದಲಿನದೇ ವಾಸಿ ಅಲ್ವಾ ಮಿಸ್?" ಎಂದ ಮಾವಿನ ಗುಂಪಿನ ಹುಡುಗ. ಹಲಸಿನವರು ಉತ್ತರ ಕೊಡಲು ನಾಲ್ಕೈದು ಜನ ಒಟ್ಟಿಗೇ ಎದ್ದರು. ನಾನು ಈ ಸಲ ಯಾರನ್ನೂ ಕೂರಿಸಲಿಲ್ಲ.

ಈ ಪಾಠ ಮಾಡುವವರು ಎರಡು ಅವಧಿ ಇಟ್ಟುಕೊಳ್ಳಿ; ಎರಡು ಬಣ್ಣದ ಚೀಟಿಗಳನ್ನು ಮೊದಲ ದಿನವೇ ಒಯ್ಯಿರಿ.