ಬೈರಿಗೆ ಶಂಖಗಳನ್ನು ಗುರುತಿಸುವ ಬಗೆ

ಬಡಗಿಯು ಮರವನ್ನು ಕೊರೆಯಲು ಬಳಸುವ ಬೈರಿಗೆಯನ್ನು ನಾವೆಲ್ಲರೂ ಬಲ್ಲೆವು. ಅದರ ಮೊನೆಯನ್ನು ಹೋಲುವ ನೀಳವಾದ ಶಂಖಗಳು ಉಷ್ಣವಲಯದ ಮರಳುತೀರಗಳಲ್ಲಿ ದೊರೆಯುತ್ತವೆ. ಪ್ರಾಣಿಶಾಸ್ತ್ರಜ್ಞರು ಇವುಗಳ ಕುಟುಂಬವನ್ನು ‘ಟೆರೆಬ್ರಿಡೆ’ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಟೆರೆಬ್ರ’ ಎಂದರೂ ಬೈರಿಗೆಯೇ. ಆದುದರಿಂದ ಇವನ್ನು ನಾವು ಬೈರಿಗೆ ಶಂಖಗಳೆನ್ನಬಹುದು. ಪ್ರಪಂಚದಲ್ಲಿ ಇವುಗಳ ಸುಮಾರು 400 ಪ್ರಭೇದಗಳಿವೆ.

ಮೊದಲು ಚಿಪ್ಪಿನ ರಚನೆಯನ್ನು ನೋಡೋಣ. ಮೃದ್ವಂಗಿಯಾದ ಈ ಪ್ರಾಣಿಯು ಮೈಯ ಹೊದಿಕೆಯಿಂದ ಸುಣ್ಣದ ವಸ್ತುವನ್ನು ಸ್ರವಿಸಿ, ಚಿಪ್ಪಿನ ಬಾಯಂಚಿಗೆ ಅದನ್ನು ಸೇರಿಸುತ್ತ ಬೆಳೆಯುತ್ತದೆ. ಎಂದರೆ ಚೂಪಾದ ತುದಿಯೇ ಅತ್ಯಂತ ಹಳೆಯ ಭಾಗ; ಬಾಯಿಯ ಬಳಿಯ ದೊಡ್ಡ ಸುತ್ತು ಕಡೆಯದು. ಸುತ್ತುಗಳು ಒಂದನ್ನೊಂದು ಕೂಡುವ ಗೆರೆಗೆ ಸಂಧಿರೇಖೆಯೆಂದು ಹೆಸರು.

ಆದರೆ ನೀಳವಾದ ಚಿಪ್ಪುಗಳೆಲ್ಲವೂ ಬೈರಿಗೆ ಶಂಖಗಳಲ್ಲ. ‘ಟರಿಟೆಲ್ಲ’ ಎಂಬ ಬೇರೊಂದು ಕುಟುಂಬದ ಚಿಪ್ಪೂ ಇದೇ ಆಕಾರದ್ದು. ಇವೆರಡನ್ನು ಬೇರ್ಪಡಿಸುವುದು ಹೇಗೆ? ಉದ್ದವನ್ನು ಬಿಟ್ಟು ಬಾಯಿಯನ್ನು ನೋಡಬೇಕು. ಟರಿಟೆಲ್ಲದ ಬಾಯಿ ಬಹುಮಟ್ಟಿಗೆ ದುಂಡು. ಅದರ ಅಂಚಿನಲ್ಲಿ ಕಚ್ಚು ಇಲ್ಲ. ಬೈರಿಗೆ ಶಂಖದ ಬಾಯಿಯ ಕೆಳತುದಿಯಲ್ಲಿ ಕತ್ತರಿಸಿದಂತೆ ಒಂದು ಕಚ್ಚು ಇದೆ.

ಈ ಸಣ್ಣ ಕಚ್ಚಿನಲ್ಲಿ ಪ್ರಾಣಿಯ ಜೀವನಕ್ರಮವೇ ಅಡಗಿದೆ. ಬೈರಿಗೆ ಶಂಖವು ಮಾಂಸಾಹಾರಿ. ಅದು ಮರಳಿನಲ್ಲಿ ಹುದುಗಿ, ಈ ಕಚ್ಚಿನ ಮೂಲಕ ಒಂದು ನಳಿಕೆಯನ್ನು ಹೊರಚಾಚಿ ನೀರನ್ನೆಳೆದುಕೊಳ್ಳುತ್ತದೆ. ಆ ನೀರಿನ ವಾಸನೆಯಿಂದಲೇ ಕಡಲಹುಳುಗಳ ಸುಳಿವನ್ನರಿಯುತ್ತದೆ. ಕೆಲವು ಪ್ರಭೇದಗಳು ಸೂಜಿಯಂಥ ಹಲ್ಲಿನಿಂದ ಬೇಟೆಗೆ ವಿಷವನ್ನು ಚುಚ್ಚುತ್ತವೆ. ಕೆಲವಕ್ಕೆ ಹಲ್ಲೂ ಇಲ್ಲ, ವಿಷವೂ ಇಲ್ಲ. ಟರಿಟೆಲ್ಲವಾದರೋ ಕೆಸರಿನಲ್ಲಿ ಮಲಗಿ, ನೀರಿನಲ್ಲಿ ತೇಲಿಬರುವ ಆಹಾರಕಣಗಳನ್ನು ಸೋಸಿ ತಿನ್ನುವ ಪ್ರಾಣಿ. ಆಕಾರ ಒಂದೇ, ಬಾಳುವೆ ಬೇರೆ.

ಹೆಸರಿನಿಂದಲೂ ಮೋಸಹೋಗುವ ಸಂಭವವುಂಟು. 1758ರಲ್ಲಿ ಲಿನೇಯಸ್ ಈ ಎರಡು ಗುಂಪುಗಳ ಒಂದೊಂದು ಚಿಪ್ಪಿಗೆ ‘ಇಮ್ಮಡಿಯಾದುದು’ ಎಂಬರ್ಥದ ಒಂದೇ ಪದವನ್ನಿತ್ತನು. ಇಂದು ಅವು ‘ಡುಪ್ಲಿಕೇರಿಯ ಡುಪ್ಲಿಕೇಟ’ ಮತ್ತು ‘ಟರಿಟೆಲ್ಲ ಡುಪ್ಲಿಕೇಟ’. ಎರಡೂ ಹಿಂದೂ ಮಹಾಸಾಗರದವು. ಮೊದಲನೆಯದು ಬೈರಿಗೆ ಶಂಖ: ಸಂಧಿರೇಖೆಗೆ ಸಮಾನಾಂತರವಾಗಿ ಆಳವಾದ ಗೀರು ಹರಿದಿರುವುದರಿಂದ ಒಂದೊಂದು ಸುತ್ತೂ ಎರಡರಂತೆ ತೋರುತ್ತದೆ, ಮೇಲಿನಿಂದ ಕೆಳಕ್ಕೆ ಸಾಲುಸಾಲು ಏಣುಗಳೂ ಇವೆ. ಎರಡನೆಯದರಲ್ಲಿ ಸುತ್ತಿನೊಡನೆ ತಿರುಗಿ ಸಾಗುವ ಎರಡು ಉಬ್ಬುಗೆರೆಗಳೇ ಪ್ರಧಾನ.

ಇನ್ನು ಕೆಲವು ಪ್ರಭೇದಗಳ ಲಕ್ಷಣ ಹೀಗಿವೆ. ‘ಟೆರೆಬ್ರ ಸಬ್ಯುಲೇಟ’ದ ಕೆನೆಬಣ್ಣದ ಮೈಮೇಲೆ ಕಪ್ಪುಗಂದಿನ ಚೌಕ ಮಚ್ಚೆಗಳು ಎರಡು ಸಾಲಾಗಿಯೂ, ಕಡೆಯ ಸುತ್ತಿನಲ್ಲಿ ಮೂರು ಸಾಲಾಗಿಯೂ ಇರುತ್ತವೆ. ‘ಆಕ್ಸಿಮೆರಿಸ್ ಕ್ರೆನ್ಯುಲೇಟ’ದ ಸುತ್ತುಗಳ ಮೇಲಂಚಿನಲ್ಲಿ ಮೊಂಡು ಗುಬುಟುಗಳಿವೆ. ಈ ಕುಟುಂಬದ ದೈತ್ಯವೆಂದರೆ ‘ಆಕ್ಸಿಮೆರಿಸ್ ಮ್ಯಾಕ್ಯುಲೇಟ’. ಅದು ಸುಮಾರು 25 ಸೆಂಟಿಮೀಟರ್ ಉದ್ದ ಬೆಳೆಯಬಲ್ಲುದು. ಹಳೆಯ ಗ್ರಂಥಗಳಲ್ಲಿ ಇವೆಲ್ಲವೂ ‘ಟೆರೆಬ್ರ’ ಎಂಬ ಒಂದೇ ಜಾತಿಯಡಿ ಕಾಣಸಿಗುವುದರಿಂದ ಓದುಗರು ಗೊಂದಲಗೊಳ್ಳಬಾರದು. ಬಿಸಿಲಿಗೆ ಬಣ್ಣ ಮಾಸುವುದು. ಗೀರು, ಏಣುಗಳು ಅಷ್ಟು ಬೇಗ ಅಳಿಯವು. ಆದುದರಿಂದ ಬಣ್ಣವನ್ನು ಕಡೆಯಲ್ಲಿ ಪರಿಶೀಲಿಸುವುದು ಲೇಸು.

ಸಂಗ್ರಹಿಸುವವರು ಬರಿದಾದ ಚಿಪ್ಪುಗಳನ್ನೇ ಆರಿಸಬೇಕು. ಬಾಯಿಯೊಳಗೆ ಮುಚ್ಚಳವೋ ಕಾಲುಗಳೋ ಕಂಡರೆ ಅದನ್ನು ಇದ್ದಲ್ಲಿಯೇ ಬಿಡತಕ್ಕದ್ದು. ಮುಚ್ಚಳವಿದ್ದರೆ ಶಂಖದ ಹುಳು ಜೀವಂತವಾಗಿರಬಹುದು. ಕಾಲುಗಳಿದ್ದರೆ ಸಂನ್ಯಾಸಿ ಏಡಿಯು ಅದರಲ್ಲಿ ಮನೆಮಾಡಿಕೊಂಡಿದೆ. ಇದು ದಯೆಯ ಮಾತಷ್ಟೇ ಅಲ್ಲ, ಎಚ್ಚರಿಕೆಯ ಮಾತೂ ಹೌದು: ಬೈರಿಗೆ ಶಂಖಗಳ ಬಂಧುಗಳಾದ ಕೋನ್ ಶಂಖಗಳಲ್ಲಿ ಕೆಲವು ಮನುಷ್ಯನನ್ನು ಕೊಲ್ಲಬಲ್ಲ ವಿಷವುಳ್ಳವು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ದೇಶದಲ್ಲಿ ಕೆಲವು ಶಂಖಗಳಿಗೆ ರಕ್ಷಣೆ ನೀಡಿದೆ.

ಚಿಪ್ಪನ್ನು ಸಿಹಿನೀರಿನಲ್ಲಿ ತೊಳೆದು, ಮೃದುವಾದ ಬ್ರಷ್‌ನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಬೇಕು. ಆಮ್ಲವನ್ನು ಬಳಸಕೂಡದು; ಅದು ಸುಣ್ಣವನ್ನು ಕರಗಿಸಿ ಮೇಲ್ಮೈಯ ಗುರುತುಗಳನ್ನು ಕೆಡಿಸುತ್ತದೆ. ಬಳಿಕ ದೊರೆತ ಸ್ಥಳ, ದಿನಾಂಕ, ನೆಲ ಮರಳೋ ಕೆಸರೋ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಹೆಸರನ್ನು ತಪ್ಪಾಗಿ ಬರೆದಿದ್ದರೆ ಬಲ್ಲವರು ಚಿಪ್ಪನ್ನು ನೋಡಿ ತಿದ್ದಿಯಾರು. ದೊರೆತ ಸ್ಥಳವನ್ನೇ ಬರೆದಿಡದಿದ್ದರೆ ಅದನ್ನು ಮತ್ತಾರೂ ತಿಳಿಸಲಾರರು. ಚೀಟಿಯಿಲ್ಲದ ಚಿಪ್ಪು ಬರಿಯ ಅಲಂಕಾರ. ಚೀಟಿಯುಳ್ಳದ್ದು ವಿಜ್ಞಾನದ ಸಾಕ್ಷ್ಯ.