ಪರ್ಸಿಕಲ್ಲಿನ ಬೂದು

ಶಹಾಬಾದಿನ ಏಪ್ರಿಲ್ ಬಿಸಿಲಿಗೆ ಜಲವರ್ಣ ಕಾಗದದ ಈ ತುದಿಯಿಂದ ಆ ತುದಿ ಮುಟ್ಟುವುದರೊಳಗೆ ಒಣಗಿರುತ್ತದೆ. ಆಕಾಶ ಬರೆಯಹೋದರೆ ಬರೀ ಪಟ್ಟೆ. ಅದಕ್ಕೇ ನಾನು ನಸುಕಿನಲ್ಲಿ, ನೆಲದ ಮೇಲೆ ಕೂತು ಬರೆಯುತ್ತೇನೆ. ಪಾಲಿಶ್ ಮಾಡಿಸಿದ ಪರ್ಸಿ ಆ ಹೊತ್ತಿಗೆ ಇನ್ನೂ ತಣ್ಣಗಿರುತ್ತದೆ. ಕಾಗದದ ಎರಡೂ ಬದಿ ತೋಯಿಸಿ ಅದರ ಮೇಲೆಯೇ ಹಾಸಿದರೆ, ಆಕಾಶ ಮುಗಿಯುವವರೆಗೆ ಹಸಿ ಆರುವುದಿಲ್ಲ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದ್ದೆ. ಆಮೇಲೆ ನೌಕರಿ, ಸಂಸಾರ. ಬ್ರಷ್ ಹಿಡಿದದ್ದು ಬಾಗಿಲಿಗೆ ಪೇಂಟ್ ಹಚ್ಚಲಿಕ್ಕೆ ಮಾತ್ರ. ನಿವೃತ್ತಿಯ ಮೇಲೆ ಮತ್ತೆ ಶುರುಮಾಡಿದಾಗ ದೊಡ್ಡ ಬಣ್ಣದ ಡಬ್ಬಿ ಕೊಳ್ಳಲಿಲ್ಲ. ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಯಲ್ಲೋ ಓಕರ್, ಕ್ರಿಮ್ಸನ್, ನಾಲ್ಕೇ ಟ್ಯೂಬು. ದುಡ್ಡು ಹಾಕಬೇಕಾದದ್ದು ಕಾಗದಕ್ಕೆ. 300 ಜಿಎಸ್‌ಎಂನದು ನೀರು ತಾಳುತ್ತದೆ. ತೆಳ್ಳನೆಯದು ಉಬ್ಬಿ, ಬಣ್ಣವೆಲ್ಲ ತಗ್ಗಿಗೆ ಹರಿಯುತ್ತದೆ.

ನಮ್ಮ ಸೀಮೆ ಬರೀ ಬೂದು ಎಂದು ಮೂಗು ಮುರಿಯುವವರಿದ್ದಾರೆ. ಸುಣ್ಣದಕಲ್ಲಿನ ಗಣಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ಧೂಳು. ಅವರು ಬೂದು ಬೆರೆಸಿ ನೋಡಿದವರಲ್ಲ! ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ. ನೀಲಿ ಮುಂದಾದರೆ ಗಣಿಯಿಂದ ಆಗಷ್ಟೇ ಎತ್ತಿದ ಕಲ್ಲು. ಕಂದು ಮುಂದಾದರೆ ಕಾಗಿಣಾ ದಂಡೆಯ ಮಳಖೇಡದ ಕೋಟೆ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನದು. ಅಲ್ಟ್ರಾಮರೀನಿನ ಕಣಗಳು ಕಾಗದದ ಸಣ್ಣ ಕುಳಿಗಳಲ್ಲಿ ತಂಗುವುದರಿಂದ ಕಲ್ಲಿನ ಒರಟುತನ ತಾನಾಗಿ ಮೂಡುತ್ತದೆ. ಕಪ್ಪು ಟ್ಯೂಬಿನ ಬೂದಿನಲ್ಲಿ ಅದು ಸಿಗದು.

ಬಿಳಿಯ ಕತೆಯೇ ಬೇರೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಸಿನಿಮಾ ಶೋಕಾರ್ಡುಗಳನ್ನು ಬರೆದದ್ದು ಗೌಶ್‌ನಲ್ಲಿ. ಅದು ಮುಚ್ಚುವ ಬಣ್ಣ, ಕಪ್ಪಿನ ಮೇಲೂ ಬೆಳಕು ಇಡಬಹುದು. ನನ್ನ ಪಾರದರ್ಶಕ ಜಲವರ್ಣಕ್ಕೆ ಆ ಸವಲತ್ತಿಲ್ಲ. ಮಧ್ಯಾಹ್ನದ ಬಿಸಿಲು ಬಿದ್ದ ಗೋಡೆ ಬೇಕೆಂದರೆ ಕಾಗದವನ್ನು ಮುಟ್ಟದೆ ಬಿಡಬೇಕು, ಸುತ್ತಲಿನ ನೆರಳನ್ನಷ್ಟೇ ಬರೆಯಬೇಕು. ಎಲ್ಲಿ ಬಿಡುವುದೆಂದು ಮೊದಲೇ ತೀರ್ಮಾನಿಸುವ ಆ ಹೊತ್ತೇ ನನಗೆ ಎಲ್ಲಕ್ಕಿಂತ ಖುಷಿ. ಮನೆಯವರಿಗೆ ಮಾತ್ರ ಸುಮ್ಮನೆ ಕೂತಂತೆ ಕಾಣುತ್ತದೆ. ತರಕಾರಿ ತರಲು ಕಳಿಸುವುದೂ ಆಗಲೇ.

ನಾಲ್ಕು ಟ್ಯೂಬಿನ ಲೆಕ್ಕ ತಪ್ಪಿಸಿದ್ದು ಚಿಂಚೋಳಿಯ ಕಾಡು. ಮಳೆ ಬಿದ್ದ ಮೇಲಿನ ಎಳೆ ಹಸಿರು ಓಕರಿನಿಂದ ಬರುವುದಿಲ್ಲ, ಮಂಕಾಗುತ್ತದೆ. ಲೆಮನ್ ಯಲ್ಲೋ ತಂದೆ. ಚಿತ್ತಾಪುರದ ದಾರಿಯಲ್ಲಿ ತೊಗರಿ ಹೂಬಿಟ್ಟಾಗಲೂ ಅದೇ ಟ್ಯೂಬು ನಡೆಯುತ್ತದೆ, ಚೂರು ಕ್ರಿಮ್ಸನ್ ತಾಗಿಸಿದರಾಯಿತು.